ಎಂಟು ಹದಿಮೂರರ ಅಬೋಲಾ

ಬೆಳಗ್ಗೆ ಕಲ್ಯಾಣದಿಂದ ಹೊರಡುವ ಎಂಟು ಹದಿಮೂರರ ಲೋಕಲ್ ರೈಲಿನ ಹೆಂಗಸರ ಬೋಗಿಗೆ ಒಂದು ಕಾನೂನಿತ್ತು. ಯಾರೂ ಬರೆದಿಟ್ಟದ್ದಲ್ಲ, ಆದರೆ ಬರೆದಿಟ್ಟ ಕಾನೂನಿಗಿಂತ ಬಿಗಿ. ಕಲ್ಯಾಣದಲ್ಲಿ ಹತ್ತುವವಳಿಗೆ ಸೀಟು. ಮುಂದೆ ಡೊಂಬಿವಲಿಯಲ್ಲಿ ಹತ್ತುವವಳಿಗೆ ಬರೀ ನೂಕುನುಗ್ಗಲು. ಡೊಂಬಿವಲಿಯವಳು ಕೂತು ಹೋಗಬೇಕೆಂದರೆ ಅವಳಿಗೆ ಕಲ್ಯಾಣದಲ್ಲೊಬ್ಬ ಗೆಳತಿ ಇರಬೇಕು. ಆ ಗೆಳತಿ ಪಕ್ಕದ ಜಾಗದಲ್ಲಿ ಚೀಲ ಇಟ್ಟು, "ಇಲ್ಲಿ ಯಾರಾದ್ರೂ ಇದಾರಾ?" ಎಂದು ಕೇಳಿದವರಿಗೆಲ್ಲ "ಇದಾರೆ" ಎನ್ನಬೇಕು, ಅಂದು ಬೈಸಿಕೊಳ್ಳಬೇಕು. ಚಾರುಶೀಲಾ ಗವಾಣಕರ್ ಹನ್ನೊಂದು ವರ್ಷ ಮಂದಾಕಿನಿ ಪಡವಳ್‌ಗೋಸ್ಕರ ಹೀಗೆ ಬೈಸಿಕೊಂಡಿದ್ದಳು.

ಚಾರು ಫೋರ್ಟ್ ಬಡಾವಣೆಯಲ್ಲಿ ವಕೀಲರೊಬ್ಬರ ಟೈಪಿಸ್ಟು. ಮಂದಾ ದಾದರಿನ ಒಂದು ಕನ್ನಡಕದಂಗಡಿಯ ಕೌಂಟರಿನವಳು. ದಿನಕ್ಕೆ ಮುಕ್ಕಾಲು ಗಂಟೆ ತೊಡೆಗೆ ತೊಡೆ ತಾಗಿಸಿಕೊಂಡು ಇಬ್ಬರೂ ಆಡಿದ ಮಾತನ್ನು ಗಂಡಂದಿರ ಹತ್ತಿರವೂ ಆಡಿದವರಲ್ಲ. ಮಂದಾಳ ಗಂಡ ತೀರಿಕೊಂಡು ಹದಿನೈದು ದಿನಕ್ಕೆ ಅವಳು ಮತ್ತೆ ರೈಲು ಹತ್ತಿದಾಗ, ದಾದರ್ ಬರುವವರೆಗೂ ಚಾರು ಅವಳ ಕೈ ಬಿಟ್ಟಿರಲಿಲ್ಲ. ಮಂದಾಳ ಒಬ್ಬಳೇ ಮಗಳು ಮುಗ್ಧಾಳ ಪರೀಕ್ಷೆಯ ಅಂಕ, ಹೊಟ್ಟೆನೋವು, ಹಟ ಎಲ್ಲವೂ ಚಾರುಗೆ ಗೊತ್ತು. ಆದರೆ ಆ ಹುಡುಗಿಯ ಮುಖ ನೋಡಿರಲಿಲ್ಲ. ಒಬ್ಬರ ಮನೆಗೆ ಇನ್ನೊಬ್ಬರು ಹೋದದ್ದೇ ಇಲ್ಲ. ಚಾರುವಿನ ಫೋನಿನಲ್ಲಿ ಮಂದಾಳ ಹೆಸರು 'ಮಂದಾ ಟ್ರೇನ್' ಎಂದಿತ್ತು. ಇಳಿದ ಮೇಲೆ ಯಾರಿಗೆ ಯಾರು? ಮನೆಗೆ ಓಡಬೇಕು, ಕುಕ್ಕರ್ ಇಡಬೇಕು.

ಇಂಥ ಸ್ನೇಹ ಕೆಟ್ಟದ್ದು ಹೋಳಿಗೆಗೆ. ಹೇಳಿದರೆ ನಾಚಿಕೆಯಾಗಬೇಕು, ಆದರೆ ಕೆಟ್ಟದ್ದು ಅದಕ್ಕೇ.

ದಸರೆಯ ಹಿಂದಿನ ದಿನ ಬೋಗಿಗೆ ಪೂಜೆ. ಬಾಗಿಲಿಗೆ ಚೆಂಡುಹೂವಿನ ಮಾಲೆ, ಕಂಬಿಗೆ ಕುಂಕುಮ, ಒಬ್ಬೊಬ್ಬರದು ಒಂದೊಂದು ತಿಂಡಿ. "ಈ ಸಲ ಹೋಳಿಗೆ ನಂದು, ಮನೇಲೇ ಮಾಡಿ ತರ್ತೀನಿ" ಎಂದು ಚಾರು ವಾರದಿಂದ ಹೇಳಿಕೊಂಡು ಬಂದಿದ್ದಳು. ಮಾಡುವ ಮನಸ್ಸೂ ಇತ್ತು. ಆದರೆ ವಕೀಲರು ಹಿಂದಿನ ಸಂಜೆ ತಡವಾಗಿ ಬಿಟ್ಟರು. ಬರುವಾಗ ಸ್ಟೇಷನ್ನಿನ ಎದುರಿನ ಅಂಗಡಿಯಲ್ಲಿ ಇಪ್ಪತ್ತು ಹೋಳಿಗೆ ಕೊಂಡು, ಸ್ಟೀಲ್ ಡಬ್ಬಿಗೆ ಹಾಕಿ, ಮೇಲೆ ಮನೆಯ ತುಪ್ಪ ಸವರಿದಳು. ಎಲ್ಲರೂ ತಿಂದು ಹೊಗಳಿದರು. ಹೊಗಳಿಕೆ ಕಿವಿಗೆ ಬಿದ್ದರೆ ನಾಲಗೆ ಸುಮ್ಮನಿರುತ್ತದೆಯೇ?

"ಬೆಳಗ್ಗೆ ನಾಲ್ಕಕ್ಕೆ ಎದ್ದೆ ಕಣ್ರೇ. ಹೂರಣ ರುಬ್ಬಿ ರುಬ್ಬಿ ತೋಳು ಬಿದ್ದುಹೋಯ್ತು" ಎಂದಳು ಚಾರು.

ಮಂದಾ ಒಂದು ತುತ್ತು ಬಾಯಿಗಿಟ್ಟವಳೇ ಹೋ ಎಂದು ನಕ್ಕಳು. "ಅಯ್ಯೋ ಸುಳ್ಳೀ! ಇದು ಅಂಗಡಿ ಮಾಲು. ನಮ್ಮ ಡೊಂಬಿವಲೀಲೂ ಅವರದೇ ಅಂಗಡಿ ಇದೆ, ಈ ಜಾಯಿಕಾಯಿ ಘಾಟು ನನಗೆ ಗೊತ್ತಾಗಲ್ವಾ? ಹಬ್ಬ ಬಂದ್ರೆ ನಾನೂ ಇದನ್ನೇ ತಂದು, ನಾನೇ ಮಾಡಿದ್ದು ಅಂತ ಮಗಳಿಗೆ ಬಡಿಸ್ತೀನಿ!"

ಇಡೀ ಬೋಗಿ ನಕ್ಕಿತು. "ನಾಲ್ಕು ಗಂಟೆಗೆ ಅಂಗಡಿ ಬಾಗಿಲು ತೆಗೆದಿತ್ತೇನೇ ಚಾರು?" ಎಂದು ಹಿಂದಿನಿಂದ ಯಾರೋ ಕೂಗಿದರು. ಮಂದಾ ತನ್ನ ಸುಳ್ಳನ್ನೂ ಜೊತೆಗೇ ಒಪ್ಪಿಕೊಂಡಿದ್ದಳಲ್ಲ, ಆ ಅರ್ಧ ಚಾರುವಿನ ಕಿವಿಗೆ ಬೀಳಲೇ ಇಲ್ಲ. ಮುಖ ಗಂಟು ಹಾಕಿಕೊಂಡು ಡಬ್ಬಿಯ ಮುಚ್ಚಳ ಹಾಕಿದಳು. ಹಬ್ಬ ಕಳೆದ ಮರುದಿನದಿಂದ ಅಬೋಲಾ.

ಅಬೋಲಾ ಎಂದರೆ ಜಗಳವಲ್ಲ. ಜಗಳಕ್ಕೆ ಮಾತು ಬೇಕು. ಅಬೋಲಾದಲ್ಲಿ ಮಾತಿಲ್ಲ, ಮುಖ ನೋಡುವಂತಿಲ್ಲ. ಹೇಳಲೇಬೇಕಾದ್ದಿದ್ದರೆ ಮೂರನೆಯವಳ ಮೂಲಕ ಹೇಳಬೇಕು. ಇಲ್ಲಿ ಮೂರನೆಯವಳು ಎದುರು ಸೀಟಿನ ಶುಭದಾ. ಬ್ಯಾಂಕಿನವಳು, ಚೂಪು ನಾಲಗೆಯವಳು.

"ಶುಭದಾ, ಕೆಲವರಿಗೆ ಹೇಳು, ಅವರ ಚೀಲ ನನ್ನ ಕಾಲ ಮೇಲಿದೆ ಅಂತ."

"ಶುಭದಾ, ಕೆಲವರಿಗೆ ನೀನೂ ಹೇಳು, ಅವರ ಕಾಲು ನನ್ನ ಚೀಲದ ಕೆಳಗೆ ಬಂದಿದೆ ಅಂತ." ಮಂದಾಳಿಗೆ ಇದೊಂದು ಆಟ.

"ನಿಮ್ಮಿಬ್ಬರ ಮಧ್ಯೆ ನಾನೇನು ಪೋಸ್ಟ್‌ಮನ್ನಾ?" ಎಂದು ಶುಭದಾ ಗೊಣಗಿದಳು.

ಮಂದಾ 'ತಪ್ಪಾಯ್ತು ಕಣೇ' ಎನ್ನಲಿ ಎಂದು ಚಾರು ಕಾದಳು. ಎನ್ನುವ ಹಾಗೆ ಕಾಣಲಿಲ್ಲ. ಆದರೂ ಚಾರು ದಿನಾ ಅವಳ ಜಾಗದಲ್ಲಿ ಚೀಲ ಇಡುತ್ತಿದ್ದಳು, ಅವಳು ಬಂದಾಗ ಮುಖ ನೋಡದೆ ತೆಗೆಯುತ್ತಿದ್ದಳು. ಇದು ಹತ್ತು ದಿನ ನಡೆಯಿತು.

ಹನ್ನೊಂದನೆಯ ದಿನ ಮಂಗಳವಾರ. ಕಲ್ಯಾಣದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಹತ್ತಿ, ಚೀಲ ನೋಡಿ, "ಆಂಟಿ, ಇಲ್ಲಿ ಯಾರಾದ್ರೂ ಇದಾರಾ?" ಎಂದು ಕೇಳಿದಳು. ಹಿಂದಿನ ದಿನವಷ್ಟೇ ಯಾರೋ ಮತ್ತೆ ಹೋಳಿಗೆಯ ಮಾತೆತ್ತಿ ನಕ್ಕಿದ್ದರು, ಅವರ ಜೊತೆ ಮಂದಾ ಕೂಡ. ಚಾರು ಚೀಲವನ್ನೆತ್ತಿ ಮಡಿಲಲ್ಲಿಟ್ಟುಕೊಂಡಳು.

"ಯಾರೂ ಇಲ್ಲ. ಕೂತ್ಕೊ."

ಡೊಂಬಿವಲಿ ಬಂತು. ಜನ ನುಗ್ಗಿದರು. ಮಂದಾ ಎಂದಿನಂತೆ ಮೊಣಕೈಯಿಂದ ದಾರಿ ಮಾಡಿಕೊಂಡು ಅರ್ಧ ದೂರ ಬಂದಳು, ತನ್ನ ಜಾಗದಲ್ಲಿ ಕೂತ ಹುಡುಗಿಯನ್ನು ನೋಡಿದಳು. ಚಾರು ಕಿಟಕಿಯ ಕಡೆ ತಿರುಗಿದಳು. "ಓಹೋ ಶುಭದಾ, ಸೀಟಿಗೂ ಅಬೋಲಾ ಬಂತಾ?" ಎಂದ ಮಂದಾಳ ದನಿ ಕೇಳಿಸಿತು. ಆ ದನಿಯಲ್ಲಿ ನಗುವೇ ಇತ್ತು. ಆಮೇಲೆ ಒಳಗಿನಿಂದ ಇನ್ನೊಂದು ನೂಕು ಬಂದು ಅವಳನ್ನು ಬಾಗಿಲಿನ ಕಡೆಗೇ ತಳ್ಳಿಕೊಂಡು ಹೋಯಿತು. ಚಾರುಗೆ ಸಂತೋಷವಾಯಿತು, ಸುಳ್ಳೇಕೆ. ಒಂದು ದಿನ ನಿಲ್ಲಲಿ, ಬುದ್ಧಿ ಬರಲಿ, ನಾಳೆಯಿಂದ ಮತ್ತೆ ಚೀಲ ಇಟ್ಟರಾಯಿತು ಎಂದುಕೊಂಡಳು.

ಮುಂಬ್ರಾ ದಾಟಿದ ಮೇಲೆ ಹಳಿ ತಿರುಗುವ ಕಡೆ ಬಾಗಿಲಿನಿಂದ ಕಿರುಚಾಟ ಎದ್ದಿತು. "ಬಿದ್ಲು! ಅಯ್ಯೋ, ಬಿದ್ಲು!" "ಯಾರು?" "ಹಳದಿ ಚೂಡಿದಾರ್! ಹಳದಿ ಚೂಡಿದಾರಿನವಳು!"

ಮಂದಾ ಅಂದು ಹಾಕಿಕೊಂಡಿದ್ದ ಬಣ್ಣ ಯಾವುದೆಂದು ಚಾರುಗೆ ಗೊತ್ತಿರಲಿಲ್ಲ. ನೋಡಿದ್ದರೆ ತಾನೇ? ಅವಳು ಶುಭದಾಳ ಮುಖ ನೋಡಿದಳು. ಶುಭದಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಮಂದಾ ಸತ್ತ ಮೂರನೆಯ ದಿನ ಇಬ್ಬರೂ ಡೊಂಬಿವಲಿಗೆ ಹೋದರು. ಮನೆ ಹುಡುಕಲು ಅರ್ಧ ಗಂಟೆ ಬೇಕಾಯಿತು. ಹನ್ನೊಂದು ವರ್ಷದ ಗೆಳತಿಯ ಬೀದಿಯ ಹೆಸರು ಗೊತ್ತಿಲ್ಲದೆ ಚಾರು ಔಷಧಿಯಂಗಡಿಯವನನ್ನು "ರೈಲಿನಿಂದ ಬಿದ್ದರಲ್ಲ, ಅವರ ಮನೆ" ಎಂದು ಕೇಳಬೇಕಾಯಿತು. ಅವನು ಕೈ ತೋರಿಸುತ್ತ, "ಬಿದ್ದದ್ದೋ, ಹಾರಿದ್ದೋ" ಎಂದ.

ಎರಡು ಕೋಣೆಯ ಮನೆ. ಗೋಡೆಯ ಪಕ್ಕ ಚಾಪೆಯ ಮೇಲೆ ಹತ್ತೊಂಬತ್ತು ವರ್ಷದ ಮುಗ್ಧಾ ಕೂತಿದ್ದಳು. ಗಲ್ಲ, ಹಣೆ, ಕೂದಲು ಒತ್ತಿ ಕಟ್ಟಿದ ರೀತಿ ಎಲ್ಲ ಮಂದಾಳದೇ. ಚಾರು ಹೆಸರು ಹೇಳುವ ಮೊದಲೇ ಅವಳು ಎದ್ದು ಬಂದು ಕಾಲು ಮುಟ್ಟಿದಳು.

"ಚಾರು ಮಾವಶಿ ಅಲ್ವಾ? ಆಯಿ ದಿನಾ ನಿಮ್ಮ ಮಾತೇ ಆಡ್ತಿದ್ಲು."

ತಾಯಿಯ ತಂಗಿಯನ್ನು ಕರೆಯುವ ಆ ಮಾವಶಿ ಎಂಬ ಮಾತು ಚಾರುವಿನ ಎದೆಗೆ ಚುಚ್ಚಿತು. ಮಂದಾ ಅಬೋಲಾದ ಸುದ್ದಿಯನ್ನು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಅವಳ ಲೆಕ್ಕದಲ್ಲಿ ಅದು ಹೇಳುವಷ್ಟು ದೊಡ್ಡ ಸಂಗತಿಯೇ ಅಲ್ಲ.

ನೆರೆಯ ಹೆಂಗಸರು ಚಹಾ ತರಲು ಒಳಗೆ ಹೋದ ಮೇಲೆ ಮುಗ್ಧಾ ದನಿ ತಗ್ಗಿಸಿದಳು. "ಮಾವಶಿ, ನನಗೆ ನಿಜ ಬೇಕು. ಆವತ್ತು ಬೆಳಗ್ಗೆ ನಾನೂ ಆಯೀನೂ ಜೋರಾಗಿ ಜಗಳ ಆಡಿದ್ವಿ. ನಾನು ಕಾಲೇಜು ಬಿಡ್ತೀನಿ ಅಂದೆ, ಅವಳು ಆಗಲ್ಲ ಅಂದ್ಲು. ನೀನು ಎಲ್ಲಾದ್ರೂ ಹೋಗಿ ಸಾಯಿ, ನನಗೆ ನೆಮ್ಮದಿ ಸಿಗುತ್ತೆ ಅಂದ್ಬಿಟ್ಟೆ. ಚಪ್ಪಲಿ ಹಾಕ್ಕೊಂಡು ಹೋದ್ಲು. ತಿರುಗಿ ನೋಡ್ಲಿಲ್ಲ."

"ಅವಳು ಬಿದ್ದದ್ದು ಕಣಮ್ಮ. ಬಾಗಿಲಲ್ಲಿ ಜನ ಇತ್ತು, ಬಿದ್ಲು."

"ಬಾಗಿಲಲ್ಲಿ ಯಾಕಿದ್ಲು?" ಮುಗ್ಧಾಳ ಕಣ್ಣು ಚಾರುವಿನ ಮುಖದಿಂದ ಕದಲಲಿಲ್ಲ. "ಅವಳಿಗೆ ನಿಮ್ಮ ಪಕ್ಕ ಸೀಟಿರುತ್ತೆ. ಚಾರು ಇರೋವರೆಗೂ ನಾನು ನಿಲ್ಲೋ ಮಾತೇ ಇಲ್ಲ ಅಂತಿದ್ಲು. ಹನ್ನೊಂದು ವರ್ಷ ನಿಲ್ಲದವಳು ಆವತ್ತು ಸೀಟು ಬಿಟ್ಟು ಬಾಗಿಲಿಗೆ ಯಾಕೆ ಹೋದ್ಲು, ಮಾವಶಿ? ಹಾರೋಕಲ್ದೆ ಇನ್ಯಾಕೆ?"

ಚಾರು ದಿನವಿಡೀ ಪ್ರಮಾಣಪತ್ರ ಟೈಪು ಮಾಡುವವಳು. 'ಮೇಲೆ ಹೇಳಿದ್ದೆಲ್ಲ ನನಗೆ ತಿಳಿದಮಟ್ಟಿಗೆ ಸತ್ಯ' ಎಂಬ ಸಾಲನ್ನು ಎಷ್ಟು ಸಾವಿರ ಸಲ ಬಡಿದಿದ್ದಾಳೋ. ಸೀಟು ಇರಲಿಲ್ಲ, ನಾನು ಇಡಲಿಲ್ಲ ಎಂದು ನಾಲ್ಕು ಪದ ಹೇಳಿದ್ದರೆ ಆ ಹುಡುಗಿಯ ಮೇಲಿದ್ದ ಕಲ್ಲು ಅಲ್ಲೇ ಇಳಿಯುತ್ತಿತ್ತು. ಇಳಿದು ತನ್ನ ಮೇಲೆ ಕೂರುತ್ತಿತ್ತು.

"ಸೀಟು ಇತ್ತು" ಎಂದಳು. "ಕೂತಿದ್ಲು. ಅಷ್ಟರಲ್ಲಿ ಒಬ್ಬ ಬಸುರಿ ಹೆಂಗಸು ಬಂದ್ಲು. ನಿಮ್ಮಮ್ಮ ಎದ್ದು ಅವಳಿಗೆ ಜಾಗ ಕೊಟ್ಲು. ಆಮೇಲೆ ನಿಲ್ಲೋಕೆ ಒಳಗೆ ಜಾಗ ಇರಲಿಲ್ಲ."

ಮುಗ್ಧಾ ಚಾರುವಿನ ಮಡಿಲಲ್ಲಿ ಮುಖವಿಟ್ಟು ಜೋರಾಗಿ ಅತ್ತಳು. ಸತ್ತ ದಿನದಿಂದ ಈ ಹುಡುಗಿ ಅತ್ತಿರಲಿಲ್ಲವೆಂದು ನೆರೆಯವರು ಆಮೇಲೆ ಹೇಳಿದರು. ಅತ್ತು ಮುಗಿಸಿ ಅವಳು ಕೇಳಿದ್ದು ಒಂದೇ ಮಾತು: "ಎಷ್ಟು ತಿಂಗಳಿತ್ತು ಅವಳಿಗೆ?"

"ಏಳು ಇರಬಹುದು."

ಬೀದಿಗೆ ಬಂದ ಮೇಲೆ ಶುಭದಾ ಬಾಯಿಬಿಟ್ಟಳು. "ಸುಳ್ಳು ಹೇಳಿದೆ, ಸರಿ. ಹುಡುಗಿ ಬದುಕ್ಕೊಂಡ್ಲು. ಆದ್ರೆ ಚಾರು, ನಿನ್ನ ಸುಳ್ಳಿಗೆ ಹೊಟ್ಟೆ ಬೇರೆ ಕೊಟ್ಟಿದ್ದೀಯ. ಇನ್ನೆರಡು ತಿಂಗಳಿಗೆ ಹೆರುತ್ತೆ ನೋಡ್ತಿರು."

ಎರಡು ತಿಂಗಳೂ ಬೇಕಾಗಲಿಲ್ಲ. ಹದಿಮೂರನೆಯ ದಿನದ ಊಟಕ್ಕೆ ಬಂದವರೆಲ್ಲ ಆ ಕಥೆ ಕೇಳಿಕೊಂಡು ಹೋದರು. ವಾರದೊಳಗೆ ಅದು ಸಾವಿರ ಫೋನುಗಳಲ್ಲಿ ಓಡಾಡಿತು. ಆ ನೂಕಿನಲ್ಲಿ ಯಾರು ಯಾರಿಗೆ ಎದ್ದರೆಂದು ಬೋಗಿಯಲ್ಲೂ ಶುಭದಾಳನ್ನು ಬಿಟ್ಟರೆ ಯಾರೂ ಗಮನಿಸಿರಲಿಲ್ಲ. ಡೊಂಬಿವಲಿಯ ಸೇತುವೆಗೆ ಯಾರೋ ಪುಢಾರಿ ಒಂದು ಫ್ಲೆಕ್ಸ್ ಕಟ್ಟಿಸಿದ: 'ಗರ್ಭಿಣಿಗೆ ಸೀಟು ಬಿಟ್ಟುಕೊಟ್ಟು ಪ್ರಾಣತೆತ್ತ ಮಾತೆಗೆ ನಮನ'. ಅದರಲ್ಲಿ ಮಂದಾಳ ಮುಖಕ್ಕಿಂತ ಕೈಮುಗಿದ ಅವನ ಮುಖವೇ ದೊಡ್ಡದು. ಚಾರುವಿನ ವಕೀಲರು ಕೂಡ, "ನಿಮ್ಮ ಗೆಳತಿಯಂತೆ, ಎಂಥ ಹೆಣ್ಣುಮಗಳು!" ಎಂದರು. ಚಾರು ತಲೆತಗ್ಗಿಸಿ ಟೈಪು ಮಾಡಿದಳು. ಗಂಡನಿಗೂ ಅವಳು ನಿಜ ಹೇಳಲಿಲ್ಲ.

ಮುಗ್ಧಾ ಕಾಲೇಜು ಬಿಟ್ಟು ಮುಂಬ್ರಾದಾಚೆಯ ಠಾಣೆ ಊರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಅದೇ ರೈಲು, ಅದೇ ಬೋಗಿ. ಚಾರು ಈಗ ದಿನಾ ಅವಳಿಗಾಗಿ ಚೀಲ ಇಡುತ್ತಿದ್ದಳು. ಯಾರು ಬೈದರೂ ತೆಗೆಯುತ್ತಿರಲಿಲ್ಲ. ಒಮ್ಮೆ ಒಬ್ಬಳು ಚೀಲವನ್ನು ನೆಲಕ್ಕೆಸೆದಾಗ ಚಾರು ಅವಳ ಕೈ ಹಿಡಿದು ತಿರುಚಿಬಿಟ್ಟಿದ್ದಳು. ಮುಗ್ಧಾ ಬಂದು ಕೂತರೆ ಚಾರುವಿನ ಉಸಿರು ಸಲೀಸಾಗುತ್ತಿತ್ತು. ಅವಳಿಗೆ ಡಬ್ಬಿಯಲ್ಲಿ ತಿಂಡಿ, ಚಳಿಗೆ ಶಾಲು, ಜ್ವರಕ್ಕೆ ಮಾತ್ರೆ. ಹೀಗೇ ನಡೆದರೆ ತನ್ನ ಪಾಪ ತೀರಿಬಿಡುತ್ತದೆ ಎಂದು ಅವಳು ನಂಬತೊಡಗಿದ್ದಳು.

ಮುಗ್ಧಾ ಮಾತ್ರ ಹತ್ತುವವರ ಹೊಟ್ಟೆ ನೋಡುತ್ತಿದ್ದಳು. ಮೊದಮೊದಲು ಆಸೆಯಿಂದ. "ಆ ಮಗೂನ ಒಂದು ಸಲ ಎತ್ಕೋಬೇಕು ಮಾವಶಿ, ಅಷ್ಟೇ. ನೀವು ನೋಡಿದ್ರೆ ಗುರುತು ಹಿಡೀತೀರಾ?" ಎನ್ನುತ್ತಿದ್ದಳು. ಚಾರು, "ಗದ್ದಲದಲ್ಲಿ ಸರಿಯಾಗಿ ನೋಡ್ಲಿಲ್ಲಮ್ಮ" ಎನ್ನುತ್ತಿದ್ದಳು. ಡಿಸೆಂಬರ್ ಕಳೆಯುವ ಹೊತ್ತಿಗೆ ಆ ಆಸೆ ಹುಳಿಯಾಯಿತು.

"ಅವಳಿಗೆ ಹೆರಿಗೆ ಆಗಿರುತ್ತೆ ಈಗ. ಇಷ್ಟು ಜನ ಹುಡುಕ್ತಿದಾರೆ, ಊರೆಲ್ಲ ಫ್ಲೆಕ್ಸ್ ಇದೆ, ಅವಳಿಗೆ ಗೊತ್ತಿಲ್ಲದೆ ಇರುತ್ತಾ? ಒಂದು ದಿನ ಮನೆಗೆ ಬಂದು ತಪ್ಪಾಯ್ತು ಅಂದಿದ್ರೆ ನಾಲಗೆ ಸವೀತಿತ್ತಾ? ನನ್ನ ಆಯಿ ಸೀಟಲ್ಲಿ ಕೂತು, ಆಯಿ ಬಿದ್ದ ಮೇಲೂ ಕೂತೇ ಇದ್ದು, ಇಳ್ಕೊಂಡು ಮನೆಗೆ ಹೋಗಿದ್ದಾಳೆ. ಎಂಥ ಹೆಂಗಸು ಮಾವಶಿ ಅವಳು?"

ಚಾರುವಿಗೆ ಉತ್ತರ ಗೊತ್ತಿತ್ತು. ಅಂಥ ಹೆಂಗಸು ಅವಳ ಪಕ್ಕದಲ್ಲೇ ತೊಡೆ ತಾಗಿಸಿಕೊಂಡು ಕೂತಿದ್ದಳು. ಶುಭದಾ ಎದುರಿನಿಂದ ಒಮ್ಮೆ ಅವಳನ್ನು ನೋಡಿ ಪತ್ರಿಕೆ ಅಡ್ಡ ಹಿಡಿದಳು.

ಸಂಕ್ರಾಂತಿ ಕಳೆದ ಮೂರನೆಯ ದಿನ. ಡೊಂಬಿವಲಿಯಲ್ಲಿ ಮುಗ್ಧಾ ಹತ್ತಿ ಬಂದು ಕೂತಳು. ಅವಳ ಹಿಂದೆಯೇ, ಜನರ ನಡುವೆ ಎರಡು ಕೈಯಿಂದ ಹೊಟ್ಟೆಯನ್ನು ಕಾಯ್ದುಕೊಳ್ಳುತ್ತ, ಒಬ್ಬ ಹೆಂಗಸು ಬಂದಳು. ಎಂಟು ತಿಂಗಳಿರಬೇಕು. ಮುಖವೆಲ್ಲ ಬೆವರು.

"ತಂಗಿ, ಠಾಣೆವರೆಗೆ ಸ್ವಲ್ಪ ಕೂರಲಾ? ತಲೆ ಸುತ್ತುತ್ತಾ ಇದೆ" ಎಂದು ಅವಳು ಮುಗ್ಧಾಳನ್ನೇ ಕೇಳಿದಳು.

ಮುಗ್ಧಾ ತಲೆಯೆತ್ತಿ ಅವಳ ಹೊಟ್ಟೆ ನೋಡಿದಳು. ಅವಳ ದನಿ ಇಡೀ ಬೋಗಿಗೆ ಕೇಳಿಸಿತು. "ನಿಮ್ಮಂಥವರಿಗೆ ಸೀಟು ಕೊಟ್ಟೇ ನನ್ನ ಆಯಿ ಸತ್ತಳು! ಹೊಟ್ಟೆ ತೋರಿಸ್ಕೊಂಡು ಬಂದ್ಬಿಡ್ತೀರ. ನೀವು ಕೂತು ಇನ್ನೊಬ್ಬರನ್ನ ಬಾಗಿಲಿಗೆ ಕಳಿಸ್ತೀರ. ಹೋಗಿ, ಇವತ್ತು ನೀವೇ ನಿಲ್ಲಿ ಬಾಗಿಲಲ್ಲಿ!"

ಆ ಫ್ಲೆಕ್ಸಿನವಳ ಮಗಳು ಇವಳೇ ಎಂದು ಎಲ್ಲರಿಗೂ ಗೊತ್ತು, ಯಾರೂ ಎದುರಾಡಲಿಲ್ಲ. ಆ ಹೆಂಗಸು ಕಣ್ಣು ತುಂಬಿಕೊಂಡು, "ತಪ್ಪಾಯ್ತಮ್ಮ" ಎಂದಳು. ಮಾಡದ ತಪ್ಪಿಗೆ. ಹಿಂದಕ್ಕೆ ಸರಿದಳು. ಒಳಗೆಲ್ಲೂ ಜಾಗವಿರಲಿಲ್ಲ, ಬಾಗಿಲಿನ ಕಡೆಗೇ ಇದ್ದದ್ದು. ಗಾಳಿ ಬೀಸುವ ಆ ಅಂಚಿಗೆ ಅವಳು ಒಂದೊಂದೇ ಹೆಜ್ಜೆ ಹೋಗುವುದನ್ನು ಚಾರು ನೋಡಿದಳು. ಮುಂಬ್ರಾ ಇನ್ನು ನಾಲ್ಕೈದು ನಿಮಿಷ.

"ಏ ಅಕ್ಕಾ! ಬಾ ಇಲ್ಲಿ! ಹಿಡ್ಕೊಳ್ರೇ ಯಾರಾದ್ರೂ ಅವಳನ್ನ!" ಚಾರು ಎದ್ದು ನಿಂತು ಕೂಗಿದಳು. ನಾಲ್ಕು ಕೈಗಳು ಆ ಹೆಂಗಸನ್ನು ಒಳಗೆ ದಾಟಿಸಿದವು. ಚಾರು ಅವಳನ್ನು ತನ್ನ ಸೀಟಿನಲ್ಲಿ ಕೂರಿಸಿದಳು.

"ಅವಳಿಗೆ ಯಾಕೆ ಕೊಟ್ರಿ ಮಾವಶಿ?" ಮುಗ್ಧಾ ಕೆಂಡವಾಗಿದ್ದಳು. "ಎಲ್ಲ ಗೊತ್ತಿದ್ದೂ ಕೊಟ್ರಲ್ಲ!"

"ಬಸುರಿ ಯಾರೂ ಇರಲಿಲ್ಲ, ಮುಗ್ಧಾ."

"ಏನು?"

"ಆವತ್ತು ಬಸುರಿ ಯಾರೂ ಬರ್ಲಿಲ್ಲ. ಮಂದಾ ಕೂರಲೇ ಇಲ್ಲ." ಚಾರು ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ನಾನು ಸೀಟು ಇಡ್ಲಿಲ್ಲ. ನನಗೂ ಅವಳಿಗೂ ಅಬೋಲಾ ಇತ್ತು. ಹೋಳಿಗೆ ವಿಷಯಕ್ಕೆ. ಅವಳು ನನ್ನ ನೋಡಿ ನಕ್ಕಳು ಅಂತ. ಬೇಕಂತಲೇ ಬೇರೆಯವಳನ್ನ ಕೂರಿಸಿದೆ. ಅವಳು ಬಂದ್ಲು, ನಾನು ಮುಖ ತಿರುಗಿಸ್ಕೊಂಡೆ. ಅದಕ್ಕೇ ಅವಳು ಬಾಗಿಲಲ್ಲಿದ್ಲು. ಹಾರಲೂ ಇಲ್ಲ, ಯಾರಿಗೂ ಸೀಟು ಬಿಟ್ಟುಕೊಡಲೂ ಇಲ್ಲ. ನಿಂತಿದ್ಲು, ಬಿದ್ಲು."

ಸುತ್ತಲಿನ ಹೆಂಗಸರು ಫೋನಿನಿಂದ ತಲೆಯೆತ್ತಿದ್ದರು. ಶುಭದಾ ಕಣ್ಣು ಮುಚ್ಚಿಕೊಂಡಿದ್ದಳು.

"ಹೋಳಿಗೆಗಾ?" ಎಂದಳು ಮುಗ್ಧಾ.

ಚಾರು ತಲೆಯಾಡಿಸಿದಳು.

"ಮೂರು ದಿನ ನಾನೇ ಕೊಂದೆ ಅಂದ್ಕೊಂಡಿದ್ದೆ. ಮೂರು ತಿಂಗಳು ಇಲ್ಲದ ಒಬ್ಬಳನ್ನ ಶಪಿಸಿದೆ, ಅವಳ ಮಗು ಸಾಯ್ಲಿ ಅಂತಾನೂ ಶಪಿಸಿದೀನಿ. ನೀವು ದಿನಾ ಪಕ್ಕದಲ್ಲಿ ಕೂತು ನನಗೆ ತಿಂಡಿ ಕೊಟ್ರಿ." ಅವಳ ದನಿ ಏರಲಿಲ್ಲ. ಏರಿದ್ದರೆ ಚಾರು ತಡೆದುಕೊಳ್ಳುತ್ತಿದ್ದಳು.

ಮುಗ್ಧಾ ಎದ್ದಳು. ಚೀಲವನ್ನು ಹೆಗಲಿಗೆ ಹಾಕಿಕೊಂಡು ಜನರನ್ನು ಸರಿಸುತ್ತ ಬಾಗಿಲಿನ ಕಡೆ ನಡೆದಳು. ಅವಳು ಯಾರೆಂದು ಗೊತ್ತಿದ್ದವರು ದಾರಿ ಬಿಟ್ಟರು. ಅಂಚಿಗೆ ಹೋಗಿ, ನಡುವಿನ ಕಂಬಿಯನ್ನು ಒಂದು ಕೈಯಲ್ಲಿ ಹಿಡಿದು, ಹೊರಗೆ ಮುಖ ಮಾಡಿ ನಿಂತಳು.

"ಮುಗ್ಧಾ, ಒಳಗೆ ಬಾ! ನನ್ನ ಮೇಲಿನ ಸಿಟ್ಟಿಗೆ ಅಲ್ಲಿ ನಿಲ್ಬೇಡ! ಕೈಮುಗೀತೀನಿ, ಒಳಗೆ ಬಾರೇ!" ಚಾರು ನುಗ್ಗಲು ನೋಡಿದಳು. ಮುಗ್ಧಾಳಿಗೆ ಬಿಟ್ಟ ದಾರಿ ಮುಚ್ಚಿಹೋಗಿತ್ತು. ಮುಂಬ್ರಾ ದಾಟಿತು. ರೈಲು ತಿರುವಿನಲ್ಲಿ ಬಾಗಿತು, ಬಾಗಿಲಿನವರೆಲ್ಲ ಒಮ್ಮೆಗೇ ವಾಲಿದರು. ಜನರ ತಲೆಗಳ ನಡುವೆ ಆ ಒತ್ತಿ ಕಟ್ಟಿದ ಕೂದಲು ಒಂದು ಗಳಿಗೆ ಕಾಣದಾಯಿತು. ಚಾರು ಕಿರುಚಿಕೊಂಡಳು. ಮತ್ತೆ ಕಂಡಿತು. ಹುಡುಗಿ ಕಂಬಿ ಹಿಡಿದೇ ನಿಂತಿದ್ದಳು. ತಿರುಗಿ ನೋಡಲಿಲ್ಲ.

ಠಾಣೆ ಬಂತು. ಮುಗ್ಧಾ ಇಳಿದಳು. ಅವಳ ಹಿಂದೆ ಇಳಿಯಲೇಬೇಕೆಂದು ಚಾರು ಎದುರಿಗಿದ್ದವರ ಬೆನ್ನಿಗೆ ಗುದ್ದುತ್ತ, ಹೆಸರು ಹಿಡಿದು ಕೂಗುತ್ತ ಮುಂದೆ ನುಗ್ಗಿದಳು. ಅಷ್ಟರಲ್ಲಿ ಠಾಣೆಯ ಜನ ಹತ್ತತೊಡಗಿದ್ದರು. ಅವರ ನೂಕಿಗೆ ಚಾರು ಹಿಂದಕ್ಕೆ, ಮತ್ತೂ ಹಿಂದಕ್ಕೆ ಸರಿದು ಬೋಗಿಯ ಗೋಡೆಗೆ ಒತ್ತಿ ನಿಂತಳು. ರೈಲು ಹೊರಟಿತು. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸೊಬ್ಬಳು ಸೆರಗು ಸರಿಮಾಡಿಕೊಳ್ಳುತ್ತ ಸಿಡುಕಿದಳು:

"ಈಗ ಕೂಗಿದ್ರೆ ಏನು ಬಂತು ಅಕ್ಕಾ? ಇಳಿಯೋದಿದ್ರೆ ಮುಂಚೇನೇ ಬಾಗಿಲಿಗೆ ಬಂದಿರಬೇಕಿತ್ತು."